ಕೆಲಸ ಶುರುವಾದ ತಾರೀಖು: ಇಂಗ್ಲೆಂಡಿನಲ್ಲಿ ಯುಟಿಆರ್ ಪಡೆದ ಅನುಭವ

ಇಂಗ್ಲೆಂಡಿನಲ್ಲಿ ಸ್ವಂತ ದುಡಿಮೆ ಮಾಡುವವರಿಗೆ ಅಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ 10 ಅಂಕಿಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದರ ಪೂರ್ತಿ ಹೆಸರು ಯೂನಿಕ್ ಟ್ಯಾಕ್ಸ್‌ಪೇಯರ್ ರೆಫರೆನ್ಸ್. ಎಲ್ಲರೂ ಯುಟಿಆರ್ ಎನ್ನುತ್ತಾರೆ. 2024ರಲ್ಲಿ ನಾನು ಆ ಸಂಖ್ಯೆಯನ್ನು ಪಡೆದುಕೊಂಡೆ. ಅರ್ಜಿ ತುಂಬಲು ಹಿಡಿದದ್ದು ಮುಕ್ಕಾಲು ಗಂಟೆ. ಆದರೆ ಆ ಅರ್ಜಿಯಲ್ಲಿದ್ದ ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ವಾರ ಬೇಕಾಯಿತು. ಪರದೇಶದಲ್ಲಿ ಮನೆಯಿಂದಲೇ ಸಣ್ಣಪುಟ್ಟ ಕೆಲಸ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿರುವ ನಮ್ಮ ಹೆಣ್ಣುಮಕ್ಕಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನನ್ನ ಊರು ತುಮಕೂರು. ಯಜಮಾನರಿಗೆ ರೆಡಿಂಗ್ ಪಟ್ಟಣದಲ್ಲಿ ಕೆಲಸ ಸಿಕ್ಕಿದ್ದರಿಂದ 2021ರ ಕೊನೆಯಲ್ಲಿ ಇಲ್ಲಿಗೆ ಬಂದೆವು. ಹೊಲಿಗೆ ನನಗೆ ಅಮ್ಮನಿಂದ ಬಂದ ವಿದ್ಯೆ. ರವಿಕೆ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು, ಈ ಮೂರನ್ನು ನಾನು ಮದುವೆಗೆ ಮೊದಲೇ ಚೆನ್ನಾಗಿ ಕಲಿತಿದ್ದೆ. ಇಲ್ಲಿ ರೇಷ್ಮೆ ಸೀರೆ ಉಡುವವರು ಸಾಕಷ್ಟಿದ್ದರೂ ಕುಚ್ಚು ಕಟ್ಟಿಸಬೇಕೆಂದರೆ ಊರಿಗೆ ಹೋಗುವವರ ಕೈಯಲ್ಲಿ ಸೀರೆ ಕೊಟ್ಟು ಕಳಿಸಿ, ಅವರು ಮರಳಿ ಬರುವವರೆಗೆ ಕಾಯಬೇಕಾಗಿತ್ತು. ಹಾಗಾಗಿ ನಾನು ಹೊಲಿಯುತ್ತೇನೆ ಎಂಬ ಸುದ್ದಿ ಒಬ್ಬರಿಂದ ಒಬ್ಬರಿಗೆ ತಾನಾಗಿಯೇ ಹರಡಿತು.

ಕುಚ್ಚು ಕಟ್ಟುವುದನ್ನು ಹತ್ತಿರದಿಂದ ನೋಡದವರಿಗೆ ಅದರ ಶ್ರಮ ತಿಳಿಯುವುದಿಲ್ಲ. ಸೆರಗಿನ ಅಂಚನ್ನು ಮೇಜಿನ ತುದಿಗೆ ಇಳಿಬಿಟ್ಟು, ಸೀರೆ ಜಾರದಂತೆ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಭಾರಕ್ಕಿಟ್ಟು, ಬಿಟ್ಟಿರುವ ಎಳೆಗಳನ್ನು ಬೆರಳಿನಿಂದ ಬಿಡಿಸಿ ಸಮನಾದ ಗೊಂಚಲುಗಳಾಗಿ ಮಾಡಿಕೊಳ್ಳಬೇಕು. ಪ್ರತಿ ಗೊಂಚಲಿಗೂ ಒಡಲಿನ ಬಣ್ಣದ್ದೋ ಅಂಚಿನ ಬಣ್ಣದ್ದೋ ರೇಷ್ಮೆ ದಾರವನ್ನು ಸೇರಿಸಿ, ಗಂಟು ಹಾಕಿ, ಗಂಟಿನ ಕೆಳಗೆ ದಾರವನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸಬೇಕು. ಸಾದಾ ಕುಚ್ಚಿಗೇ ನನಗೆ ಮೂರು ತಾಸು ಬೇಕು. ಇಷ್ಟು ಕೆಲಸಕ್ಕೆ ನಾನು 15 ಪೌಂಡ್ ತೆಗೆದುಕೊಳ್ಳುತ್ತಿದ್ದೆ. ಲೈನಿಂಗ್ ಕೊಟ್ಟು ಹೊಲಿದ ರವಿಕೆಗೆ 25, ಫಾಲ್ ಮತ್ತು ಪಿಕೋ ಸೇರಿ 8. ಯಾರಿಂದ ಎಷ್ಟು ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಮೊದಲಿನಿಂದಲೂ ಇತ್ತು. ಮುಂದೆ ನನ್ನನ್ನು ಕಾಪಾಡಿದ್ದು ಆ ನೋಟ್‌ಬುಕ್ಕೇ.

2024ರ ಜನವರಿಯಲ್ಲಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಗಾಬರಿ ಎದ್ದಿತು. ಮನೆಯಿಂದ ಏನಾದರೂ ಮಾರಿದರೆ ಇನ್ನು ಮೇಲೆ ಹೊಸ ತೆರಿಗೆ ಬೀಳುತ್ತದೆ ಎಂದು ಯಾರೋ ಹಾಕಿದ್ದರು. ಕೂತು ಓದಿ ನೋಡಿದಾಗ ಅದು ಹೊಸ ತೆರಿಗೆಯಲ್ಲವೆಂದು ಗೊತ್ತಾಯಿತು. ಆನ್‌ಲೈನ್ ಮಾರಾಟದ ವೇದಿಕೆಗಳು ತಮ್ಮಲ್ಲಿ ಮಾರುವವರ ಗಳಿಕೆಯ ವಿವರವನ್ನು ಸಂಗ್ರಹಿಸಿ ತೆರಿಗೆ ಇಲಾಖೆಗೆ ಒಪ್ಪಿಸಬೇಕೆಂಬ ನಿಯಮ ಆ ತಿಂಗಳ 1ರಿಂದ ಜಾರಿಗೆ ಬಂದಿತ್ತು, ಅಷ್ಟೇ. ನಾನು ಯಾವ ವೇದಿಕೆಯಲ್ಲೂ ಮಾರುತ್ತಿರಲಿಲ್ಲ. ಆದರೆ ಆ ನೆಪದಲ್ಲಿ ಓದುತ್ತಾ ಹೋದಾಗ, ನನಗೆ ನೇರವಾಗಿ ಅನ್ವಯಿಸುವ ಒಂದು ಹಳೆಯ ನಿಯಮ ಕಣ್ಣಿಗೆ ಬಿತ್ತು. 2017ರಿಂದ ಇಲ್ಲಿ ಟ್ರೇಡಿಂಗ್ ಅಲೋಯನ್ಸ್ ಎಂಬ ವಿನಾಯಿತಿ ಇದೆ. ಒಂದು ತೆರಿಗೆ ವರ್ಷದಲ್ಲಿ ಸ್ವಂತ ದುಡಿಮೆಯಿಂದ ಬಂದ ಹಣ 1,000 ಪೌಂಡ್ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ, ದಾಟಿದರೆ ಮಾಡಿಸಲೇಬೇಕು. ಈ 1,000 ಲಾಭದ ಮೊತ್ತವಲ್ಲ, ಖರ್ಚು ಕಳೆಯುವ ಮೊದಲು ಕೈಗೆ ಬಂದ ಒಟ್ಟು ಮೊತ್ತ. ದಾರ, ಲೈನಿಂಗ್ ಬಟ್ಟೆ, ಕೊಕ್ಕೆಗಳಿಗೆ ಖರ್ಚಾದದ್ದನ್ನು ಕಳೆದು ಉಳಿದದ್ದನ್ನು ಮಾತ್ರ ನನ್ನ ಗಳಿಕೆ ಎಂದು ನಾನು ಅಂದುಕೊಂಡಿದ್ದೆ. ಅದು ತಪ್ಪು ಎಣಿಕೆಯಾಗಿತ್ತು.

ನೋಟ್‌ಬುಕ್ಕು ತೆಗೆದು ಕೂಡಿಸಲು ಕುಳಿತೆ. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಹಿಂದೆ ಇಂಗ್ಲೆಂಡಿನಲ್ಲಿ ಮಾರ್ಚ್ 25ರಂದು ಹೊಸ ವರ್ಷ ಹುಟ್ಟುತ್ತಿತ್ತಂತೆ. 1752ರಲ್ಲಿ ಪಂಚಾಂಗ ಬದಲಾಯಿಸಿ ಸೆಪ್ಟೆಂಬರಿನಲ್ಲಿ 11 ದಿನಗಳನ್ನು ಕೈಬಿಟ್ಟದ್ದರ ಜಾಡು ಈ ವಿಚಿತ್ರ ತಾರೀಖಿನಲ್ಲಿ ಇನ್ನೂ ಉಳಿದಿದೆ. ಯುಗಾದಿಯ ಲೆಕ್ಕ ಹಿಡಿದು ಬದುಕುವ ನಮಗೆ ಅದು ಅಷ್ಟೇನೂ ವಿಚಿತ್ರವೆನಿಸಬಾರದು. 2022ರ ಆಗಸ್ಟಿನಿಂದ 2023ರ ಏಪ್ರಿಲ್ 5ರವರೆಗೆ ನನಗೆ ಬಂದದ್ದು 645 ಪೌಂಡ್. ಆ ವರ್ಷ ನಾನು ಮಿತಿಯೊಳಗಿದ್ದೆ. ಮರುವರ್ಷ ಮಾತ್ರ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೇ 1,000 ದಾಟಿಹೋಗಿತ್ತು. ಒಂದು ವರ್ಷದಲ್ಲಿ ಮಿತಿ ದಾಟಿದವರು ಆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ಇಲಾಖೆಗೆ ತಿಳಿಸಬೇಕು. ಅಂದರೆ ನನ್ನ ಗಡುವು 2024ರ ಅಕ್ಟೋಬರ್ 5.

ಕೆಲವು ಪರಿಚಿತರು ಬೇಡವೆಂದರು. ಇಷ್ಟು ಚಿಕ್ಕ ಮೊತ್ತಕ್ಕೆ ತೆರಿಗೆಯೇ ಬರುವುದಿಲ್ಲವಲ್ಲ, ಸುಮ್ಮನೆ ಯಾಕೆ ಹುತ್ತಕ್ಕೆ ಕೈ ಹಾಕುತ್ತೀಯ ಎಂದು ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು. ತೆರಿಗೆ ಬರುವುದಿಲ್ಲ ಎಂಬ ಮಾತು ನಿಜ. 12,570 ಪೌಂಡ್‌ವರೆಗಿನ ಆದಾಯಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ, ನನಗೆ ಬೇರೆ ಸಂಬಳವೂ ಇರಲಿಲ್ಲ. ಆದರೆ ತೆರಿಗೆ ಕಟ್ಟುವ ಹೊಣೆ ಬೇರೆ, ನಾನು ದುಡಿಯುತ್ತಿದ್ದೇನೆಂದು ತಿಳಿಸುವ ಹೊಣೆ ಬೇರೆ. ವೀಸಾದ ಮೇಲೆ ಬದುಕುವವರು ಯಾವ ಕಾಗದದಲ್ಲೂ ಒಂದು ಎಳೆಯೂ ಸಡಿಲವಾಗಲು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವೀಸಾದ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕು. ಅರ್ಜಿಗೆ ಕೈ ಹಚ್ಚುವ ಮೊದಲು ನಾನು ಮಾಡಿದ ಕೆಲಸವೆಂದರೆ ನನ್ನ ವೀಸಾದ ಷರತ್ತುಗಳನ್ನು ಓದಿದ್ದು. ಸ್ಕಿಲ್ಡ್ ವರ್ಕರ್ ವೀಸಾ ಹೊಂದಿದವರ ಪತಿ ಅಥವಾ ಪತ್ನಿಯಾಗಿ ಬಂದವರು ಸ್ವಂತ ದುಡಿಮೆ ಮಾಡಬಹುದು. ವೃತ್ತಿಪರ ಕ್ರೀಡಾಪಟು ಅಥವಾ ತರಬೇತುದಾರರಾಗಿ ದುಡಿಯುವುದಕ್ಕೆ ಮಾತ್ರ ಅವಕಾಶವಿಲ್ಲ. ಆದರೆ ವೀಸಾ ಯಾರ ಹೆಸರಿನಲ್ಲಿದೆಯೋ ಅವರೇ ಪಕ್ಕದಲ್ಲಿ ಸ್ವಂತ ವ್ಯವಹಾರ ನಡೆಸುವ ಹಾಗಿಲ್ಲ, ವಿದ್ಯಾರ್ಥಿ ವೀಸಾದವರಿಗಂತೂ ಸ್ವಂತ ದುಡಿಮೆ ಪೂರ್ತಿ ನಿಷಿದ್ಧ. ನಮ್ಮ ಯಜಮಾನರು, ನನಗೆ ತೊಂದರೆಯಾಗುವುದು ಬೇಡವೆಂದು, ತಮ್ಮ ಹೆಸರಿನಲ್ಲೇ ನೋಂದಾಯಿಸಿಬಿಡೋಣ ಎಂದಿದ್ದರು. ಹಾಗೆ ಮಾಡಿದ್ದರೆ ಅವರ ಕೆಲಸಕ್ಕೇ ಸಂಚಕಾರ ಬರುತ್ತಿತ್ತು. ಹೊಲಿಯುವವಳು ನಾನು, ಹೆಸರೂ ನನ್ನದೇ ಇರಬೇಕಾದದ್ದು ನ್ಯಾಯ.

ಎರಡನೆಯದಾಗಿ ಬೇಕಾದದ್ದು ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಅಂದರೆ ಇಲ್ಲಿನ ಪಿಂಚಣಿ ಮುಂತಾದವುಗಳಿಗಾಗಿ ದುಡಿಯುವವರು ಕಟ್ಟುವ ವಂತಿಗೆಯ ಲೆಕ್ಕ ಇಡುವ ಸಂಖ್ಯೆ. ಇಲ್ಲಿ ನಾನು ಎಲ್ಲಿಯೂ ನೌಕರಿಗೆ ಸೇರಿರಲಿಲ್ಲವಾದ್ದರಿಂದ ಅದು ನನ್ನ ಬಳಿ ಇರಲಿಲ್ಲ. ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಪಾಸ್‌ಪೋರ್ಟ್ ಹಾಗೂ ವಾಸದ ಪರವಾನಗಿ ಕಾರ್ಡಿನ ಫೋಟೋ ಕೊಟ್ಟೆ. ಎರಡು ಅಕ್ಷರ, ಆರು ಅಂಕಿ, ಕೊನೆಗೊಂದು ಅಕ್ಷರವಿರುವ ಆ ನಂಬರು ಅಂಚೆಯಲ್ಲಿ ಮನೆಗೆ ಬಂತು. ಇದರಲ್ಲಿ ಹೇಳಿಕೊಳ್ಳುವಂಥ ತೊಡಕೇನೂ ಇರಲಿಲ್ಲ.

ಅರ್ಜಿಯನ್ನು ಹುಡುಕುವಾಗ ಮಾತ್ರ ಒಂದು ಕಡೆ ಎಡವುವುದರಲ್ಲಿದ್ದೆ. ಯುಟಿಆರ್ ಎಂದು ಹುಡುಕಿದಾಗ ಮೊದಲಿಗೇ ಬಂದ ಪುಟ ನೋಡಲು ಸರ್ಕಾರದ್ದರಂತೆಯೇ ಇತ್ತು. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲವನ್ನೂ ಕೇಳಿ ಕೊನೆಯಲ್ಲಿ 50 ಪೌಂಡಿಗೂ ಮೇಲ್ಪಟ್ಟ ಶುಲ್ಕ ಕೇಳಿತು. ಕಾರ್ಡಿನ ಸಂಖ್ಯೆ ಒತ್ತುವ ಹೊತ್ತಿಗೆ, ಸರ್ಕಾರ ತನ್ನ ತೆರಿಗೆಯ ಸಂಖ್ಯೆ ಕೊಡಲು ಯಾಕೆ ಹಣ ಕೇಳೀತು ಎಂಬ ಅನುಮಾನ ಬಂದು ಕೈ ಹಿಂದಕ್ಕೆ ತೆಗೆದೆ. ಅದೊಂದು ಖಾಸಗಿ ಸಂಸ್ಥೆಯ ಪುಟ. ಸರ್ಕಾರದ ತಾಣದಲ್ಲಿ ಈ ನೋಂದಣಿಗೆ ಒಂದು ಪೆನ್ನಿಯೂ ಇಲ್ಲ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಯುಕೆ ಎಂದಿದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು.

ಇನ್ನೊಂದು ತಿಳಿವಳಿಕೆಯೂ ಆಗ ಬಂತು. ನಮ್ಮ ಪ್ಯಾನ್ ಕಾರ್ಡಿನಂತೆ ಯುಟಿಆರ್ ಅನ್ನು ಬೇಕೆಂದಾಗ ಮಾಡಿಸಿ ಇಟ್ಟುಕೊಳ್ಳುವಂತಿಲ್ಲ. ಪ್ಯಾನ್ ಇದ್ದರೂ ರಿಟರ್ನ್ ಸಲ್ಲಿಸದೆ ಇರುವ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಇಲ್ಲಿ ಹಾಗಲ್ಲ, ಸೆಲ್ಫ್ ಅಸೆಸ್‌ಮೆಂಟ್ ಎಂಬ ವ್ಯವಸ್ಥೆಗೆ, ಅಂದರೆ ನಮ್ಮ ಆದಾಯವನ್ನು ನಾವೇ ಲೆಕ್ಕ ಹಾಕಿ ಪ್ರತಿ ವರ್ಷ ಒಪ್ಪಿಸುವ ವ್ಯವಸ್ಥೆಗೆ ಹೆಸರು ಕೊಟ್ಟಾಗಲೇ ಆ ಸಂಖ್ಯೆ ಹುಟ್ಟುತ್ತದೆ. ಸಂಖ್ಯೆ ಬಂದಿತೆಂದರೆ ರಿಟರ್ನ್ ಕೊಡುವ ಹೊಣೆಯೂ ಬಂದಂತೆ. ತೆರಿಗೆ ಸೊನ್ನೆಯಾಗಿದ್ದರೂ ರಿಟರ್ನ್ ತಡವಾದರೆ 100 ಪೌಂಡ್ ದಂಡ ಬೀಳುತ್ತದೆ. ಆದ್ದರಿಂದ ಯಾರೋ ಮಾಡಿಸಿದರೆಂದು ನಾವೂ ಮಾಡಿಸುವಂಥ ಸಂಖ್ಯೆ ಇದಲ್ಲ.

ಸರ್ಕಾರದ ಪುಟದಲ್ಲಿ ಮೊದಲಿಗೆ ಮೂರು ದಾರಿಗಳಿದ್ದವು: ಸ್ವಂತ ದುಡಿಮೆಯವರಿಗೆ ಒಂದು, ಬಾಡಿಗೆ ಮುಂತಾದ ಬೇರೆ ಆದಾಯದವರಿಗೆ ಒಂದು, ಪಾಲುದಾರಿಕೆಯವರಿಗೆ ಒಂದು. ನಾನು ಎರಡನೆಯದರ ಮುಂದೆ ಬಹಳ ಹೊತ್ತು ನಿಂತೆ. ನನಗೆ ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಮಲಗುವ ಕೋಣೆಯ ಕಿಟಕಿಯ ಪಕ್ಕ ಒಂದು ಹೊಲಿಗೆ ಯಂತ್ರ ಇದೆ. ಇದನ್ನು ಸ್ವಂತ ಉದ್ಯೋಗ ಎನ್ನಬಹುದೇ ಎಂಬ ಸಂಕೋಚ. ನಮ್ಮ ಮನೆಗಳಲ್ಲಿ ಹೆಂಗಸರ ಹೊಲಿಗೆಯನ್ನು ಕೆಲಸ ಎಂದು ಕರೆದವರು ಕಡಿಮೆ. ನನ್ನ ಅಮ್ಮ ಮೂವತ್ತು ವರ್ಷ ಬೀದಿಯ ಅರ್ಧದಷ್ಟು ಮನೆಗಳಿಗೆ ರವಿಕೆ ಹೊಲಿದುಕೊಟ್ಟಳು, ಜನಗಣತಿಯವರು ಬಂದಾಗ ಮನೆಕೆಲಸ ಎಂದು ಬರೆಸಿದಳು. ಆದರೆ ಈ ಎರಡು ದಾರಿಗಳಿಗಿರುವ ವ್ಯತ್ಯಾಸ ಬರಿಯ ಹೆಸರಿನದಲ್ಲ. ಮೊದಲನೆಯ ದಾರಿಯಲ್ಲಿ ಹೋದರೆ ಮಾತ್ರ ನ್ಯಾಷನಲ್ ಇನ್ಶೂರೆನ್ಸ್‌ನ ಎರಡನೆಯ ವರ್ಗದಲ್ಲಿ, ಅಂದರೆ ಸ್ವಂತ ದುಡಿಮೆಯವರ ವರ್ಗದಲ್ಲಿ ನಮ್ಮ ಹೆಸರು ಸೇರುತ್ತದೆ. ಇದನ್ನು ಹಾಸನದ ಕಡೆಯ ಒಬ್ಬ ಅಕ್ಕ ನನಗೆ ಹೇಳಿದರು. ಅವರು ಕೆಲವು ವರ್ಷಗಳ ಹಿಂದೆ ತಪ್ಪು ದಾರಿಯಲ್ಲಿ ಹೋಗಿ, ಎರಡು ರಿಟರ್ನ್ ಸಲ್ಲಿಸಿದ ಮೇಲೆ ತಿಳಿದು, ಸರಿಪಡಿಸಿಕೊಳ್ಳಲು ಪತ್ರ ಬರೆಯುತ್ತಾ ಕೂರಬೇಕಾಯಿತಂತೆ. ನಾನು ಮೊದಲನೆಯದನ್ನೇ ಒತ್ತಿದೆ.

ಗವರ್ನಮೆಂಟ್ ಗೇಟ್‌ವೇ ಎಂಬ ಖಾತೆ ತೆರೆದಾಗ 12 ಅಂಕಿಗಳ ಒಂದು ಬಳಕೆದಾರ ಸಂಖ್ಯೆ ಸಿಕ್ಕಿತು. ಅದು ಯುಟಿಆರ್ ಅಲ್ಲ, ಒಳಗೆ ಹೋಗುವ ಬಾಗಿಲಿನ ಕೀಲಿ ಮಾತ್ರ. ಒಳಗಿನ ಪ್ರಶ್ನೆಗಳು ಸರಳವಾಗಿದ್ದವು. ಕೆಲಸದ ಬಗೆ ಯಾವುದು ಎಂಬಲ್ಲಿ ಕುಚ್ಚನ್ನು ಏನೆಂದು ಬರೆಯಲಿ ಎಂದು ಸ್ವಲ್ಪ ಹೊತ್ತು ಯೋಚಿಸಿ, ಡ್ರೆಸ್‌ಮೇಕಿಂಗ್ ಅಂಡ್ ಆಲ್ಟರೇಶನ್ಸ್ ಎಂದು ಬರೆದೆ. ಅದರ ನಂತರ ಬಂತು ಆ ಪ್ರಶ್ನೆ. ನೀವು ಈ ದುಡಿಮೆಯನ್ನು ಶುರು ಮಾಡಿದ ತಾರೀಖು ಯಾವುದು?

ನಾನು ಅರ್ಜಿಯನ್ನು ಅಲ್ಲಿಗೇ ನಿಲ್ಲಿಸಿ ಎದ್ದುಬಿಟ್ಟೆ. ಯಾವುದೆಂದು ಬರೆಯಲಿ? 2022ರ ಏಪ್ರಿಲಿನಲ್ಲಿ ಪಕ್ಕದ ರಸ್ತೆಯ ಗೆಳತಿಗೆ ಒಂದು ರವಿಕೆ ಹೊಲಿದುಕೊಟ್ಟಿದ್ದೆ. ಆಕೆ ಬದಲಿಗೆ ಹೋಳಿಗೆ ಮಾಡಿ ತಂದಿದ್ದಳು. ಮುಂದಿನ ನಾಲ್ಕು ತಿಂಗಳು ಐದಾರು ಮಂದಿಗೆ ಹೀಗೆಯೇ ಸ್ನೇಹಕ್ಕೆ ಹೊಲಿದೆ. ನೋಟ್‌ಬುಕ್ಕಿನ ಮೊದಲ ಸಾಲು ಅದೇ ವರ್ಷದ ಆಗಸ್ಟ್ 28ರದು: ಗೌರಿ ಹಬ್ಬಕ್ಕೆ, ಹಸಿರು ಮೈಸೂರು ಸಿಲ್ಕಿನ ರವಿಕೆ, 20 ಪೌಂಡ್. ಸೀರೆ ತಂದವರು ಪರಿಚಯದವರಲ್ಲ; ಎಷ್ಟಾಗುತ್ತದೆ ಎಂದು ಮೊದಲೇ ಕೇಳಿದರು, ನಾನು ಮೊದಲ ಬಾರಿಗೆ ಬಾಯಿಬಿಟ್ಟು ಒಂದು ಬೆಲೆ ಹೇಳಿದೆ. ಇನ್ನು 1,000 ಪೌಂಡ್ ದಾಟಿದ ದಿನ ಅದಕ್ಕೂ ಒಂದು ವರ್ಷ ಆಚೆಯದು. ಹಳೆಯ ತಾರೀಖು ಬರೆದರೆ, ಮೊದಲ ವರ್ಷ ಯಾಕೆ ನೋಂದಾಯಿಸಲಿಲ್ಲವೆಂದು ಕೇಳಿಯಾರು ಎಂಬ ಭಯ. ಹೊಸ ತಾರೀಖು ಬರೆದರೆ ಸುಳ್ಳು ಹೇಳಿದಂತಾಗುತ್ತದೆಂಬ ಅಳುಕು. ಎರಡು ವಾರ ಅದೇ ಯೋಚನೆ. ರಾತ್ರಿ ಕುಚ್ಚು ಕಟ್ಟುವಾಗಲೂ ತಲೆಯಲ್ಲಿ ತಾರೀಖುಗಳೇ ಓಡುತ್ತಿದ್ದವು.

ಕೊನೆಗೆ ಇಲಾಖೆಯ ಸಹಾಯವಾಣಿಗೆ ಕರೆ ಮಾಡಿದೆ. ಮಾತನಾಡಿದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ಲಾಭದ ಉದ್ದೇಶದಿಂದ ಹಣ ಪಡೆದು ಕೆಲಸ ಮಾಡಲು ತೊಡಗಿದ್ದು ಯಾವಾಗ ಎಂಬುದೇ ಮುಖ್ಯ ಎಂದು ವಿವರಿಸಿದಳು. ಹೋಳಿಗೆಗೆ ಹೊಲಿದ ರವಿಕೆಗಳು ಸ್ನೇಹದ ಲೆಕ್ಕ; ಮಿತಿ ದಾಟಿದ ದಿನವನ್ನು ಆರಂಭದ ದಿನವಾಗಿ ಬರೆಯುವುದು ಸರಿಯಲ್ಲ; ಮೊದಲ ವರ್ಷದ ಮೊತ್ತ 1,000ದ ಒಳಗಿದ್ದುದರಿಂದ ಆ ವರ್ಷಕ್ಕೆ ರಿಟರ್ನ್ ಬೇಡ. ನನ್ನ ಭಯಕ್ಕೆ ಕಾರಣವೇ ಇರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿ ಮುಗಿದ ಮೇಲೆ, ಆಗಸ್ಟ್ 19ರ ಸೋಮವಾರ, 2022ರ ಆಗಸ್ಟ್ 28 ಎಂದು ಬರೆದು ಅರ್ಜಿ ಸಲ್ಲಿಸಿದೆ. ಆ ತಾರೀಖನ್ನು ಪೆಟ್ಟಿಗೆಯೊಳಗೆ ಒತ್ತುವಾಗ ನನಗೆ ಅಮ್ಮನ ನೆನಪಾಯಿತು. ಅವಳ ಕೆಲಸ ಶುರುವಾದ ತಾರೀಖನ್ನು ಯಾರೂ ಕೇಳಲಿಲ್ಲ, ಯಾವ ಕಾಗದದಲ್ಲೂ ಅದು ಇಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಇತರರು ಮಾಡಬಾರದು. ಅರ್ಜಿ ಸಲ್ಲಿಸಿದ ಮೇಲೆ ಅಂಚೆಯಲ್ಲಿ ಬರುವುದು ಒಂದು ಪತ್ರವಲ್ಲ, ಎರಡು. ಒಂದರಲ್ಲಿ ಯುಟಿಆರ್ ಇರುತ್ತದೆ. ಇನ್ನೊಂದರಲ್ಲಿ ಆನ್‌ಲೈನ್ ಖಾತೆಯನ್ನು ಚಾಲೂ ಮಾಡುವ ಕೋಡ್ ಇರುತ್ತದೆ. ಯುಟಿಆರ್ ಶಾಶ್ವತ, ಕೋಡ್‌ನ ಆಯುಸ್ಸು 28 ದಿನ. ಇದನ್ನು ಗಮನಿಸದೆ ನಾನು ಅರ್ಜಿ ಹಾಕಿದ ಐದನೆಯ ದಿನ, ಆಗಸ್ಟ್ 24ಕ್ಕೆ, ಗೌರಿ ಗಣೇಶನ ಹಬ್ಬಕ್ಕೆಂದು ತುಮಕೂರಿಗೆ ಹೊರಟೆ. ಕೋಡ್‌ನ ಪತ್ರ ಆಗಸ್ಟ್ 28ಕ್ಕೆ ಬಂತು. ಯಜಮಾನರು ಅದನ್ನು ತೆರೆಯದೆ ದೇವರ ಕಪಾಟಿನಲ್ಲಿಟ್ಟು, ಬಂದ ಮೇಲೆ ನೀನೇ ತೆರೆದು ನೋಡು ಎಂದರು. ಗೌರಿ ಹಬ್ಬದ ದಿನ, ಸೆಪ್ಟೆಂಬರ್ 6ಕ್ಕೆ, ಎರಡನೆಯ ಪತ್ರ ಬಂತು. ನಾವು ಬಾಗಿನಕ್ಕೆ ಮೊರ ಜೋಡಿಸುತ್ತಿದ್ದಾಗ ಅವರ ಫೋನು.

"ತೆರೀಲಾ? ತೆರಿಗೆಯವರದ್ದೇ ಇದು."

"ತೆರೀರಿ, ನಂಬರ್ ಬಂದಿದೆಯಾ ನೋಡ್ರಿ."

ಕಿಟಕಿಯಿರುವ ಲಕೋಟೆ ಹರಿದ ಸದ್ದು ಫೋನಿನಲ್ಲೇ ಕೇಳಿಸಿತು. ಐದೈದು ಅಂಕಿಗಳ ಎರಡು ಗುಂಪಾಗಿ ಅವರು ಓದಿದರು, ನಾನು ಹಬ್ಬದ ಸಾಮಾನಿನ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಫೋಟೋ ತೆಗೆದು ಎಲ್ಲಿಗೂ ಕಳಿಸಬೇಡಿ ಎಂದು ಹೇಳಿದೆ. ಬೇರೆಯವರ ಕೈಗೆ ಸಿಕ್ಕರೆ ನಮ್ಮ ಹೆಸರಿನಲ್ಲಿ ವ್ಯವಹಾರ ನಡೆಸಲು ಅನುಕೂಲವಾಗುವಂಥ ಸಂಖ್ಯೆ ಅದು. ಆಧಾರ್ ಸಂಖ್ಯೆಯಷ್ಟೇ ಜೋಪಾನ ಮಾಡಬೇಕು. ಪಕ್ಕದಲ್ಲಿದ್ದ ನನ್ನ ತಮ್ಮ, ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಯುಟಿಆರ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ, "ಯಾವ ಟ್ರಾನ್ಸ್‌ಫರ್‌ದು ಅಕ್ಕಾ? ದುಡ್ಡು ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯಾ?" ಎಂದು ಕೇಳಿದ. ನಮ್ಮ ಬ್ಯಾಂಕುಗಳಲ್ಲಿ ನೆಫ್ಟ್ ಮಾಡಿದಾಗ ಬರುವ ವಹಿವಾಟಿನ ಸಂಖ್ಯೆಗೂ ಯುಟಿಆರ್ ಎಂದೇ ಹೆಸರು. ಎರಡೂ ಬೇರೆ ಬೇರೆ ಎಂದು ಅವನಿಗೆ ಬಿಡಿಸಿ ಹೇಳಬೇಕಾಯಿತು. ಅಮ್ಮ ಮಾತ್ರ ಕೇಳಿದ್ದು ಒಂದೇ ಪ್ರಶ್ನೆ. "ರವಿಕೆ ಹೊಲಿಯೋರಿಗೂ ಅಲ್ಲಿ ನಂಬರ್ ಕೊಡ್ತಾರಾ?" ಕೊಡುತ್ತಾರಮ್ಮ ಎಂದೆ.

ಸೆಪ್ಟೆಂಬರ್ 28ಕ್ಕೆ ಹಿಂದಿರುಗಿ ಕೋಡ್ ಒತ್ತಿದರೆ ಅವಧಿ ಮುಗಿದಿತ್ತು. ಅವತ್ತು ಫೋನಿನಲ್ಲೇ ಮೊದಲ ಲಕೋಟೆಯನ್ನೂ ತೆರೆಸಿದ್ದರೆ ತುಮಕೂರಿನಿಂದಲೇ ಕೆಲಸ ಮುಗಿಯುತ್ತಿತ್ತು. ಅಕ್ಟೋಬರ್ 5ರ ಗಡುವು ಎದುರಿಗೇ ಇದ್ದುದರಿಂದ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಆ ಗಡುವು ನೋಂದಣಿಗೆ, ಕೋಡ್‌ಗೆ ಅಲ್ಲ. ನೋಂದಣಿ ಆಗಸ್ಟಿನಲ್ಲೇ ಆಗಿತ್ತು. ಖಾತೆಯಲ್ಲಿಯೇ ಹೊಸ ಕೋಡ್ ಕೇಳುವ ಅವಕಾಶವಿತ್ತು, ಕೇಳಿದೆ, ನವರಾತ್ರಿಯ ನಡುವೆ ಅದು ಬಂತು, ಬಂದ ದಿನವೇ ಒತ್ತಿದೆ.

ಸಂಖ್ಯೆ ಸಿಕ್ಕ ಮೇಲಿನ ಮೊದಲ ರಿಟರ್ನ್‌ನ ಬಗ್ಗೆಯೂ ಸ್ವಲ್ಪ ಹೇಳಬೇಕು. ಆನ್‌ಲೈನ್‌ನಲ್ಲಿ ಸಲ್ಲಿಸಲು ಜನವರಿ 31ರವರೆಗೆ ಸಮಯವಿರುತ್ತದೆ. ನೋಟ್‌ಬುಕ್ಕಿನಲ್ಲಿ ನಾನು ಲೆಕ್ಕವನ್ನು ಹಬ್ಬಗಳ ಪ್ರಕಾರ ಬರೆದಿದ್ದೆ. ಇಲಾಖೆಗೆ ಬೇಕಾದದ್ದು ಏಪ್ರಿಲ್ 5ಕ್ಕೆ ಮುಗಿಯುವ ಲೆಕ್ಕ. 2024ರ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಆ ಹಬ್ಬದ ರವಿಕೆಗಳಲ್ಲಿ ಕೆಲವಕ್ಕೆ ಏಪ್ರಿಲ್ ಮೊದಲ ವಾರದಲ್ಲೇ ಹಣ ಬಂದಿತ್ತು, ಕೆಲವಕ್ಕೆ ಹಬ್ಬದ ಹಿಂದಿನ ದಿನ. ಒಂದೇ ಹಬ್ಬದ ಸಂಪಾದನೆ ಎರಡು ತೆರಿಗೆ ವರ್ಷಗಳಿಗೆ ಹಂಚಿಹೋಯಿತು. ಹಣ ಕೈಸೇರಿದ ದಿನವನ್ನೇ ಹಿಡಿಯುವ ಕ್ಯಾಶ್ ಬೇಸಿಸ್ ಪದ್ಧತಿಯನ್ನು ಆರಿಸಿಕೊಂಡು, ಬ್ಯಾಂಕಿನ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸಾಲಿಗೂ ತಾರೀಖು ತಾಳೆ ನೋಡಿದೆ. ಒಟ್ಟು 3,860 ಪೌಂಡ್ ಬಂದಿತ್ತು.

ಖರ್ಚಿನ ಕಡೆಗೆ ಎರಡು ದಾರಿಗಳಿವೆ. ನಿಜವಾದ ಖರ್ಚನ್ನು ಕಳೆಯಬಹುದು, ಇಲ್ಲವೇ ಲೆಕ್ಕ ತೋರಿಸದೆ 1,000 ಪೌಂಡಿನ ವಿನಾಯಿತಿಯನ್ನು ಕಳೆಯಬಹುದು. ಎರಡನ್ನೂ ಒಟ್ಟಿಗೆ ಕಳೆಯುವಂತಿಲ್ಲ. ದಾರ, ಲೈನಿಂಗ್, ಕೊಕ್ಕೆ, ಯಂತ್ರದ ರಿಪೇರಿ, ಪಾರ್ಸಲ್ ಎಲ್ಲದರ ರಸೀದಿಗಳನ್ನು ನಾನು ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಮನೆಯಲ್ಲೇ ತಿಂಗಳಿಗೆ 25ರಿಂದ 50 ತಾಸು ದುಡಿಯುವವರು ವಿದ್ಯುತ್ತು ಮುಂತಾದವುಗಳ ಬಾಬ್ತು ತಿಂಗಳಿಗೆ 10 ಪೌಂಡ್ ಹಿಡಿಯಬಹುದು. ಅದರಿಂದ ವರ್ಷಕ್ಕೆ 120 ಆಯಿತು. ಎಲ್ಲ ಸೇರಿ 1,214. ವಿನಾಯಿತಿಗಿಂತ ಹೆಚ್ಚಿದ್ದುದರಿಂದ ನಿಜವಾದ ಖರ್ಚನ್ನೇ ತೋರಿಸಿದೆ. 2,646 ಪೌಂಡ್ ಲಾಭ ಎಂದು ಬಂತು. ಆ ರಸೀದಿಗಳನ್ನು ಜನವರಿ 31ರ ಗಡುವಿನಿಂದ ಮುಂದೆ ಐದು ವರ್ಷ ಕಾದಿಡಬೇಕು.

ತೆರಿಗೆ ಸೊನ್ನೆ ಬಂತು. ಆದರೆ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಎರಡನೆಯ ವರ್ಗದ ನ್ಯಾಷನಲ್ ಇನ್ಶೂರೆನ್ಸ್ ಅನ್ನು ಸ್ವಇಚ್ಛೆಯಿಂದ ಕಟ್ಟುತ್ತೀರಾ? ಆ ವರ್ಷ ಲಾಭ 6,725 ಪೌಂಡಿಗಿಂತ ಕಡಿಮೆ ಇದ್ದವರಿಗೆ ಅದು ಕಡ್ಡಾಯವಿರಲಿಲ್ಲ. ವಾರಕ್ಕೆ 3.45 ಪೌಂಡಿನಂತೆ 52 ವಾರಗಳಿಗೆ 179.40. ಕಟ್ಟಿದರೆ ಆ ವರ್ಷ ಇಲ್ಲಿನ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ. ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ ಕನಿಷ್ಠ 10 ವರ್ಷಗಳ ದಾಖಲೆ ಇರಬೇಕು. ನಾವು ಇಲ್ಲಿ ಹತ್ತು ವರ್ಷ ಇರುತ್ತೇವೆಯೋ ಇಲ್ಲವೋ ಗೊತ್ತಿಲ್ಲ ಎಂದು ಯಜಮಾನರು ಎರಡು ಬಾರಿ ಹೇಳಿದರು. ನಾನು ಕಟ್ಟಿದೆ. ನಾನು ದುಡಿದ ವರ್ಷ ಯಾವ ಕಡತದಲ್ಲೂ ಖಾಲಿ ಉಳಿಯಬಾರದು ಎಂಬುದು ನನ್ನ ಆಸೆಯಾಗಿತ್ತು, ಆ ಆಸೆಗೆ 179 ಪೌಂಡ್ ನನಗೆ ಹೆಚ್ಚೆನಿಸಲಿಲ್ಲ. ಹಣ ಕಳಿಸುವಾಗ ಸಂದರ್ಭ ಸೂಚಿಯ ಜಾಗದಲ್ಲಿ ಯುಟಿಆರ್ ಬರೆದು ಅದರ ಕೊನೆಗೆ ಕೆ ಎಂಬ ಇಂಗ್ಲಿಷ್ ಅಕ್ಷರ ಸೇರಿಸಬೇಕು, ಒಟ್ಟು 11 ಆಗುತ್ತದೆ. ಅದನ್ನು ಮರೆತರೆ ಹಣ ಯಾರ ಖಾತೆಗೆ ಎಂದು ಗುರುತಿಸುವುದು ಕಷ್ಟ.

ರಿಟರ್ನ್ ಸಲ್ಲಿಸಿದ ಮರುವಾರ, ನಿಮಗೆ ತೆರಿಗೆ ವಾಪಸ್ ಬರಬೇಕಿದೆ, ಈ ಕೊಂಡಿ ಒತ್ತಿ ಎಂದು ಫೋನಿಗೆ ಒಂದು ಸಂದೇಶ ಬಂತು. ತೆರಿಗೆಯನ್ನೇ ಕಟ್ಟದ ನನಗೆ ವಾಪಸ್ ಬರುವುದೇನು? ಅಳಿಸಿಹಾಕಿದೆ. ಜನವರಿಯಲ್ಲಿ ಇಂಥವು ಬಹಳ ಬರುತ್ತವೆ, ಎಚ್ಚರವಿರಬೇಕು.

ಮೊನ್ನೆ ನಮ್ಮ ಗುಂಪಿನ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕುತ್ತಾಳೆ. ಅವಳ ಗಂಡನದೂ ಸ್ಕಿಲ್ಡ್ ವರ್ಕರ್ ವೀಸಾ. ಯುಟಿಆರ್ ಹೇಗೆ ಮಾಡಿಸುವುದು ಹೇಳಿಕೊಡಿ ಅಕ್ಕಾ ಎಂದಳು. ಲ್ಯಾಪ್‌ಟಾಪ್ ಆಮೇಲೆ ತೆಗೆಯೋಣ, ಮೊದಲ ಸಲ ಬೆಲೆ ಹೇಳಿ ದುಡ್ಡು ತೆಗೆದುಕೊಂಡದ್ದು ಯಾವತ್ತು ಹೇಳು ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಫೋನು ತೆಗೆದು, ಹಳೆಯ ಸಂದೇಶಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾ ಹುಡುಕತೊಡಗಿದಳು.